ಮುಳ್ಳು, ಬೆನ್ನು ಮತ್ತು ನಿಘಂಟು

ಇಂಗ್ಲಿಷ್ ಪಾಠವನ್ನು ಕನ್ನಡಿಸುವ ಅಭ್ಯಾಸದಲ್ಲಿ ವಿದ್ಯಾರ್ಥಿಯೊಬ್ಬನು ಒಮ್ಮೆ ‘ಡಬ್ಬಗಳ್ಳಿಯ ಬೆನ್ನೆಲುಬುಗಳು ಅದನ್ನು ದನಕರುಗಳಿಂದ ಕಾಪಾಡುತ್ತವೆ’ ಎಂದು ಬರೆದಿದ್ದನು. ತರಗತಿಯೆಲ್ಲ ನಕ್ಕಿತು. ‘ಸ್ಪೈನ್’ ಎಂಬ ಶಬ್ದಕ್ಕೆ ನಿಘಂಟಿನಲ್ಲಿ ಮೊದಲು ದೊರೆತ ಅರ್ಥವನ್ನೇ ಅವನು ಎತ್ತಿಕೊಂಡಿದ್ದನು. ಕಳ್ಳಿಯ ಮುಳ್ಳನ್ನು ಕಾಲಿನಿಂದ ಅದೆಷ್ಟೋ ಸಲ ಕಿತ್ತುಕೊಂಡ ಹುಡುಗನವನು! ಕಂಡ ವಸ್ತುವನ್ನು ಬಿಟ್ಟು ಪುಸ್ತಕವನ್ನು ನಂಬುವಂತೆ ಕಲಿಸಿದ ತಪ್ಪು ಅಧ್ಯಾಪಕರಾದ ನಮ್ಮದೇ ಎಂದು ನನಗೆ ಅಂದು ತೋರಿತು.

ಆ ಶಬ್ದದ ಮೂಲವು ಲ್ಯಾಟಿನ್ ಭಾಷೆಯ ‘ಸ್ಪೀನಾ’. ಅದಕ್ಕೆ ಮುಳ್ಳೆಂಬ ಅರ್ಥವೂ ಉಂಟು, ಬೆನ್ನೆಲುಬೆಂಬ ಅರ್ಥವೂ ಉಂಟು. ಬಾಗಿದವನ ಬೆನ್ನ ಮೇಲೆ ಕೈಯಾಡಿಸಿದರೆ ಮಣಿಮಣಿಯಾಗಿ ತಗಲುವುದು ಕಶೇರುಗಳಿಂದ ಹಿಂದಕ್ಕೆ ಚಾಚಿದ ಮುಳ್ಳಿನಂಥ ತುದಿಗಳೇ. ಕನ್ನಡವೂ ಇಂಥ ಜಿಗಿತವನ್ನು ಮಾಡಿದೆ. ಮೀನಿನ ಎಲುಬನ್ನು ನಾವು ಮುಳ್ಳೆನ್ನುತ್ತೇವೆ. ಮೀನು ತಿನ್ನದ ಮನೆಗಳಲ್ಲಿಯೂ ಈ ಮಾತು ತಿಳಿದದ್ದೇ. ಆದರೆ ಮನುಷ್ಯನ ವಿಷಯದಲ್ಲಿ ನಮ್ಮ ಭಾಷೆ ಮುಳ್ಳನ್ನು ಬಿಟ್ಟು ‘ಬೆನ್ನ’ನ್ನು ಹಿಡಿದಿದೆ. ಬೆನ್ನು ತಟ್ಟುವುದು, ಬೆನ್ನು ಹತ್ತುವುದು, ಬೆನ್ನಿಗೆ ನಿಲ್ಲುವುದು ಎಲ್ಲವೂ ಆ ಒಂದು ಮಾತಿನ ಸಂಸಾರ. ಪುಸ್ತಕಕ್ಕೂ ಬೆನ್ನುಂಟು, ಕಪಾಟಿನಲ್ಲಿ ಅದರ ಹೆಸರನ್ನು ಓದುವುದು ಅಲ್ಲಿಯೇ. ಇಲ್ಲಿ ಒಂದು ಎಚ್ಚರಿಕೆ: ಬೆನ್ನೆಲುಬು ಬೇರೆ, ಬೆನ್ನುಹುರಿ ಬೇರೆ. ಬಾಲ್ಯದಲ್ಲಿ 33 ಇರುವ ಕಶೇರುಗಳು ಕೆಳಭಾಗದಲ್ಲಿ ಬೆಸೆದುಕೊಂಡು ಪ್ರೌಢರಲ್ಲಿ 26 ಎಲುಬುಗಳಾಗುತ್ತವೆ. ಅವುಗಳ ಒಳಗಿನ ಕೊಳವೆಯಲ್ಲಿ ಇಳಿಯುವ ನರಗಳ ಕಟ್ಟು ಬೆನ್ನುಹುರಿ. ಹುರಿಯೆಂದರೇನೆಂದು ರಾಮದುರ್ಗದ ನೇಕಾರರ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಸಸ್ಯಶಾಸ್ತ್ರವು ಮುಳ್ಳುಗಳಲ್ಲಿಯೂ ಭೇದವೆಣಿಸುತ್ತದೆ. ಡಬ್ಬಗಳ್ಳಿಯ ಮುಳ್ಳು ಮಾರ್ಪಟ್ಟ ಎಲೆ. ಎಲೆಯಂತೆ ಕಾಣುವ ಹಸಿರು ಚಪ್ಪಟೆಯೇ ಅದರ ಕಾಂಡ. ಜಾಲಿಯ ಜೋಡಿ ಮುಳ್ಳುಗಳು ಎಲೆತೊಟ್ಟಿನ ಬುಡದ ಕಿರುಪರ್ಣಗಳಿಂದಾದವು. ಗುಲಾಬಿಯದು ಕೇವಲ ಹೊರಚರ್ಮದ ಮೊನೆ. ಬದಿಗೆ ಒತ್ತಿದರೆ ಕಳಚಿ ಬರುತ್ತದೆ. ಈ ಮೂರಕ್ಕೂ ನಮ್ಮಲ್ಲಿ ಮುಳ್ಳೆಂಬುದೊಂದೇ ಹೆಸರು. ಆದರೆ ಯಾವುದು ಮುರಿದು ಒಳಗುಳಿಯುವುದು, ಯಾವುದು ಕೀವು ಕಟ್ಟುವುದು ಎಂಬುದನ್ನು ಸವದತ್ತಿಯ ಗುಡ್ಡದ ದನಗಾಹಿಯು ಯಾವ ಪಠ್ಯವನ್ನೂ ಓದದೆ ಬಲ್ಲನು.

ಮುಳ್ಳಿಗೆ ಚುಚ್ಚುವುದೊಂದೇ ಕೆಲಸವಲ್ಲ. ಗಡಿಯಾರದ ಮುಳ್ಳು ಹೊತ್ತನ್ನು ತೋರಿಸುತ್ತದೆ. ತಕ್ಕಡಿಯ ಮುಳ್ಳು ನ್ಯಾಯವನ್ನು ತೋರಿಸುತ್ತದೆ. ಬೈಲಹೊಂಗಲದ ಪೇಟೆಗೆ ಅರಳೆ ತಂದ ರೈತನು ತೂಕದ ಕಲ್ಲುಗಳನ್ನು ಎಣಿಸುತ್ತಿರಲಿಲ್ಲ. ಅವನ ಕಣ್ಣು ಮುಳ್ಳಿನ ಮೇಲಿರುತ್ತಿತ್ತು. ಅಂಕಿ ತೋರುವ ವಿದ್ಯುತ್ ಕಾಟಾಗಳು ಬಂದ ಮೇಲೆ ಆ ಮುಳ್ಳು ನೋಟದಿಂದ ಸರಿಯುತ್ತಿದೆ.

ನಮ್ಮ ಎರೆಹೊಲಗಳಲ್ಲಿ ಮುಳ್ಳಿನ ಪೂರ್ಣಾರ್ಥವನ್ನು ತಿಳಿಸಿಕೊಟ್ಟದ್ದು ಕುಸುಬಿ. ಹಿಂಗಾರಿ ಜೋಳ, ಕಡಲೆಗಳ ಸುತ್ತ ನಾಲ್ಕಾರು ಸಾಲು ಕುಸುಬಿಯನ್ನು ಬಿತ್ತಿದರೆ ಬೇರೆ ಬೇಲಿ ಬೇಕಿರಲಿಲ್ಲ. ಎಳೆಯದಿದ್ದಾಗ ಅದರ ಎಲೆ ಮೆತ್ತಗೆ. ನಮ್ಮ ತಾಯಂದಿರು ಪಲ್ಯಕ್ಕೆ ಚಿವುಟಿ ತರುತ್ತಿದ್ದರು. ಗಿಡ ಬಲಿತಂತೆ ಎಲೆಯಂಚಿಗೂ ಹೂವಿನ ಸುತ್ತಲಿನ ಎಸಳೆಲೆಗಳಿಗೂ ಮುಳ್ಳು ಮೂಡಿ, ದನದ ಬಾಯಿ ಹಿಂದೆ ಸರಿಯುತ್ತಿತ್ತು. ಕಾಳಿನಿಂದ ಮನೆಗೆ ಎಣ್ಣೆಯೂ ಆಯಿತು, ಹೊಲಕ್ಕೆ ಕಾವಲೂ ಆಯಿತು.

ಆದರೆ ಕಾಯ್ದ ಮುಳ್ಳೇ ಕೊಯ್ಯುವವರ ಕೈಗೂ ನಾಟುತ್ತಿತ್ತು. ಬಿಸಿಲೇರಿದರೆ ಗಿಡವನ್ನು ಮುಟ್ಟಲಾಗದು. ಇಬ್ಬನಿಯಿಂದ ಮುಳ್ಳು ಮೆತ್ತಗಾಗಿರುವ ನಸುಕಿನಲ್ಲಿಯೇ, ಕೈಗಳಿಗೆ ಅರಿವೆ ಸುತ್ತಿಕೊಂಡು, ಹೆಣ್ಣಾಳುಗಳು ಹೊಲಕ್ಕಿಳಿಯಬೇಕಾಗುತ್ತಿತ್ತು. ಅಂಥ ಕೂಲಿಗೆ ಜನ ಸಿಕ್ಕದಾದಾಗ ಎಷ್ಟೋ ರೈತರು ಕುಸುಬಿಯನ್ನೇ ಕೈಬಿಟ್ಟರು. ಮುಳ್ಳಿಲ್ಲದ ತಳಿಗಳು ಬಂದಿವೆ. ಅವುಗಳ ಕೊಯ್ಲು ಸುಲಭ, ಆದರೆ ಅವು ಬೇಲಿಯಾಗಲಾರವು. ಈಗ ಹೊಲದ ಅಂಚಿಗೆ ಕಬ್ಬಿಣದ ತಂತಿ ಎಳೆಯುತ್ತಾರೆ. ಅದಕ್ಕೂ ಜನ ‘ಮುಳ್ಳುತಂತಿ’ ಎಂದೇ ಹೆಸರಿಟ್ಟಿದ್ದಾರೆ.