ಹಳದಿ ಬಾವುಟ ಇಳಿಯುವವರೆಗೆ

ಮಂಗಳೂರಿನ ಪಣಂಬೂರು ಕಡಲತೀರಕ್ಕೆ ದಿನಾ ಸಂಜೆ ಬೈನಾಕ್ಯುಲರ್ ಹಿಡಿದು ಬರುವ ಹಿರಿಯರೊಬ್ಬರಿದ್ದಾರೆ. ನಾವು ಸುಮ್ಮನೆ ನೋಡುವ ಹಡಗುಗಳನ್ನು ಅವರು ಓದುತ್ತಾರೆ. ಸರಕು ಹಡಗುಗಳಲ್ಲಿ ಸುಕಾಣಿಯಾಗಿ, ಅಂದರೆ ಚುಕ್ಕಾಣಿ ಹಿಡಿಯುವವರಾಗಿ, ದುಡಿದು ನಿವೃತ್ತರಾದವರು. ಹೆಸರು ಬರೆಯಬೇಡಿ ಎಂದರು. ಅವರ ಪಾಲಿಗೆ ಬಂದಿದ್ದ ಇನ್ನೊಂದು ಕೆಲಸ ಬಾವುಟಗಳ ಉಸ್ತುವಾರಿ.

ಹಡಗು ನಡೆಸುವ ಕೋಣೆಯಾದ ಬ್ರಿಜ್ಜಿನಲ್ಲಿ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಖಾನೆಗಳಂಥ ಒಂದು ಕಪಾಟು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೊಂದರಂತೆ 26, ಅಂಕಿಗೊಂದರಂತೆ 10, ಮೇಲೆ ನಾಲ್ಕು, ಒಟ್ಟು 40 ಬಾವುಟ. ಮಳೆಯಲ್ಲಿ ನೆನೆದದ್ದನ್ನು ಒಣಗಿಸಿ, ಸುರುಳಿ ಸುತ್ತಿ, ಅದರದರ ಖಾನೆಯಲ್ಲೇ ಇಡಬೇಕು. ಕತ್ತಲಲ್ಲಿ ಕೈ ಹಾಕಿದರೂ ಬೇಕಾದದ್ದೇ ಸಿಗಬೇಕು.

"ಎಲ್ಲಕ್ಕಿಂತ ಬೇಗ ಹರಿಯುವುದು ಹಳದಿ ಬಾವುಟ ಮಾರಾಯ್ರೇ," ಎಂದರು. "ಬೇರೆ ದೇಶದ ಯಾವ ಪೋರ್ಟಿಗೆ ಹೋದ್ರೂ ಅದನ್ನು ಏರಿಸ್ಲಿಕ್ಕೆ ಉಂಟು."

ನಾನು ಹೋದದ್ದು ಈ ಹಳದಿಗಾಗಿಯೇ. ಚೌಕಟ್ಟಿಲ್ಲ, ಗೆರೆಯಿಲ್ಲ, ಬರೀ ಹಳದಿ. ಅದು ಕ್ಯೂ ಅಕ್ಷರ. ಒಂದು ಕಾಲದಲ್ಲಿ ಹಡಗಿನ ಮೇಲೆ ಹಳದಿ ಕಂಡರೆ ಬಂದರಿನವರು ದೂರ ಸರಿಯುತ್ತಿದ್ದರು. ಒಳಗೆ ರೋಗವಿರಬಹುದು ಎಂಬ ಗುರುತು ಅದು. ಇಂದಿನ ಕ್ರೊಯೇಷಿಯಾದ ಡುಬ್ರೋವ್ನಿಕ್ ನಗರ 1377ರಲ್ಲಿ, ಪ್ಲೇಗ್ ಇದ್ದ ಕಡೆಯಿಂದ ಬಂದವರನ್ನು 30 ದಿನ ಹೊರಗೇ ಇರಿಸಬೇಕೆಂದು ಕಾನೂನು ಮಾಡಿತು. ಮುಂದೆ ಅದು 40 ದಿನವಾಯಿತು. ನಲವತ್ತಕ್ಕೆ ಇಟಲಿಯವರು ಹೇಳುವ ಪದವೇ ನಮ್ಮ ಬಾಯಲ್ಲೂ ಕ್ವಾರಂಟೈನ್ ಆಗಿದೆ. ಅದೇ ಹಳದಿಗೆ ಈಗ ಅರ್ಥ ಬೇರೆ: ನಮ್ಮ ಹಡಗಿನಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ, ಬಂದರಿಗೆ ಸೇರಿಸಿಕೊಳ್ಳಿ. ಭಯದ ಗುರುತೊಂದು ವಿನಂತಿಯಾಗಿ ಬದಲಾದದ್ದು ನನಗೆ ಬಹಳ ಹಿಡಿಸಿತು.

ಸುಕಾಣಿಯವರಿಗೆ ಹಳದಿ ಎಂದರೆ ಮನೆಯ ಕಾಗದ. ಆರೋಗ್ಯಾಧಿಕಾರಿ ಒಪ್ಪಿಗೆ ಕೊಡುವ ತನಕ, ಬಂದರಿಗೆ ದಾರಿ ತೋರಿಸುವ ಪೈಲಟ್ ಬಿಟ್ಟರೆ ಬೇರೆ ಹೊರಗಿನವರು ಹಡಗು ಹತ್ತುವಂತಿಲ್ಲ. ಒಪ್ಪಿಗೆ ಸಿಕ್ಕಿ ಬಾವುಟ ಇಳಿದ ಮೇಲೆಯೇ ಏಜೆಂಟ್ ಏಣಿ ಹತ್ತಿ ಬರುತ್ತಿದ್ದ. ಅವನ ಚೀಲದಲ್ಲಿ ಊರಿನ ಕಾಗದಗಳು. "ಮಗಳು ಹುಟ್ಟಿದ ಸುದ್ದಿ ನನಗೆ ಹಾಗೇ ಸಿಕ್ಕಿದ್ದು. ಆಗಲೇ ಅವಳಿಗೆ ಎರಡು ತಿಂಗಳು. ಬಾವುಟ ನಾನೇ ಇಳಿಸಿದ್ದು, ಆ ಹಗ್ಗ ಕೈಯಲ್ಲಿತ್ತು." ಇಷ್ಟು ಹೇಳಿ ಸ್ವಲ್ಪ ಹೊತ್ತು ಕಡಲಿನತ್ತ ತಿರುಗಿದರು.

ಬಾವುಟಗಳ ಈ ಭಾಷೆಯ ಚರಿತ್ರೆ ದೊಡ್ಡದು. 1805ರ ಟ್ರಫಾಲ್ಗರ್ ಕದನಕ್ಕೆ ಮುನ್ನ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ತನ್ನ ನೌಕಾಪಡೆಗೆ ಕೊಟ್ಟ ಸಂದೇಶದಲ್ಲಿ 'ಇಂಗ್ಲೆಂಡ್ ನಂಬಿದೆ' ಎಂಬರ್ಥದ ಮಾತು ಬೇಕೆಂದಿದ್ದ. ಸಂಕೇತದ ಪುಸ್ತಕದಲ್ಲಿ ಆ ಪದವಿರಲಿಲ್ಲ. ಅಕ್ಷರ ಅಕ್ಷರವಾಗಿ ಏರಿಸಲು ಹೊತ್ತು ಹಿಡಿಯುತ್ತದೆಂದು 'ನಿರೀಕ್ಷಿಸುತ್ತದೆ' ಎಂದಾಯಿತು. ವ್ಯಾಪಾರಿ ಹಡಗುಗಳಿಗಾಗಿ ಮುಂದೆ ಕಾದಂಬರಿಕಾರರೂ ಆದ ಕ್ಯಾಪ್ಟನ್ ಮ್ಯಾರಿಯಟ್ 1817ರಲ್ಲಿ ಒಂದು ಸಂಕೇತ ಪುಸ್ತಕ ತಂದರು. ಬ್ರಿಟಿಷ್ ಸರ್ಕಾರದ್ದು 1857ರಲ್ಲಿ ಬಂತು. ಈಗಿನದು 1965ರಲ್ಲಿ ಒಪ್ಪಿಗೆಯಾಗಿ 1969ರಲ್ಲಿ ಜಾರಿಯಾದದ್ದು. ಗ್ರೀಕ್ ಕಪ್ತಾನನಿಗೂ ಜಪಾನಿನವನಿಗೂ ಅರ್ಥ ಒಂದೇ.

ಬಣ್ಣಗಳು ಐದೇ: ಕೆಂಪು, ನೀಲಿ, ಹಳದಿ, ಕಪ್ಪು, ಬಿಳಿ. ದೂರಕ್ಕೆ ತಿಳಿಯುವಂಥವು. ಕೆಂಪು ಬಿಳಿ ನಾಲ್ಕು ಚೌಕದ ಯು, 'ನೀವು ಅಪಾಯದತ್ತ ಹೋಗುತ್ತಿದ್ದೀರಿ' ಎನ್ನುತ್ತದೆ. ಕೆಂಪು ಹಳದಿ ಓರೆಯಾಗಿ ಸೇರಿದ ಓ ಏರಿದರೆ ಆಳು ನೀರಿಗೆ ಬಿದ್ದಿದ್ದಾನೆ. ನೀಲಿಯ ನಡುವೆ ಬಿಳಿ ಚೌಕದ ಪಿ ಬಂದರಿನಲ್ಲಿ ಕಂಡರೆ ಹಡಗು ಹೊರಡಲಿದೆ, ಪೇಟೆಗೆ ಹೋದವರೆಲ್ಲ ಮರಳಬೇಕು. ನನಗೆ ಮೆಚ್ಚುಗೆಯಾದದ್ದು ಉತ್ತರ ಕೊಡುವ ಕೆಂಪು ಬಿಳಿ ಪಟ್ಟೆಯ ಪತಾಕೆ. ಎದುರಿನವರ ಸಂದೇಶ ಕಣ್ಣಿಗೆ ಬಿದ್ದೊಡನೆ ಅದನ್ನು ಅರ್ಧಕ್ಕೆ ಏರಿಸುತ್ತಾರೆ. ಅರ್ಥವಾದ ಮೇಲೆ ಪೂರ್ತಿ. ಕಂಡದ್ದಕ್ಕೂ ತಿಳಿದದ್ದಕ್ಕೂ ನಡುವಿನ ಅಂತರವನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸುವ ಭಾಷೆ ನಾನು ಬೇರೆ ಕಂಡಿಲ್ಲ.

ಈಗ ಹಡಗು ಬರುವ ಮೊದಲೇ ಆರೋಗ್ಯದ ವಿವರ ಬಂದರು ಸೇರಿರುತ್ತದೆ. ಸಂಕೇತದ ಪುಸ್ತಕ ಹಡಗಿನಲ್ಲಿರಲೇಬೇಕೆಂಬ ನಿಯಮ ಇಂದಿಗೂ ಇದೆ, ಆದರೆ ಮಾತುಕತೆಯೆಲ್ಲ ರೇಡಿಯೊದಲ್ಲಿ. ಪಣಂಬೂರಿಗೆ ಬರುವ ಶಾಲಾ ಮಕ್ಕಳಿಗೆ ಯಾರಾದರೂ ನಾಲ್ಕು ಬಾವುಟಗಳ ಅರ್ಥ ಹೇಳಿಕೊಟ್ಟರೆ ಅವರಿಗೂ ಹಡಗು ಓದಲು ಬಂದೀತು. ಸುಕಾಣಿಯವರು ಕೇಳಿದವರಿಗೆಲ್ಲ ಹೇಳುತ್ತಾರೆ. ಕೇಳುವವರು ಕಡಿಮೆ.

ಹೊರಡುವ ಹೊತ್ತಿಗೆ ಹಡಗೊಂದು ನಿಧಾನವಾಗಿ ಬಂದರಿನ ಬಾಯಿಯತ್ತ ಬರುತ್ತಿತ್ತು. ಬೈನಾಕ್ಯುಲರನ್ನು ನನ್ನ ಕೈಗಿತ್ತರು. ಅರ್ಧ ಬಿಳಿ, ಅರ್ಧ ಕೆಂಪು. "ಎಚ್. ಪೈಲಟ್ ಹತ್ತಿಯಾಯ್ತು. ಪಕ್ಕದಲ್ಲಿ ನೋಡಿ." ಪಕ್ಕದ ಹಗ್ಗದಲ್ಲಿ ಬಿಸಿಲಿಗೆ ಬಣ್ಣ ಬಿಟ್ಟ ಹಳದಿ ಚೂರೊಂದು ಗಾಳಿಗೆ ಬಡಿದಾಡುತ್ತಿತ್ತು.

"ಎಷ್ಟು ತಿಂಗಳಾಯ್ತೋ ಅವರಿಗೆ ಮನೆ ಬಿಟ್ಟು," ಎಂದರು.