ಸವೆತವೂ ಒಂದು ಸಾಕ್ಷಿ

ಹಬ್ಬ ಬಂತೆಂದರೆ ಹಿತ್ತಾಳೆಯ ಪಾತ್ರೆಗಳನ್ನು ಹುಣಿಸೆಹಣ್ಣು ಹಚ್ಚಿ ಬೆಳಗುವುದು ನಮ್ಮ ಮನೆಗಳ ವಾಡಿಕೆ. ಬೆಳಗಿದಷ್ಟೂ ಪಾತ್ರೆಗೆ ಶೋಭೆ. ಆದರೆ ಹಳೆಯ ಸೈನಿಕ ಪಿಸ್ತೂಲನ್ನು ಹೀಗೆ ಬೆಳಗಿದರೆ, ಕೊಳೆಯೊಡನೆ ಅದರ ಬೆಲೆಯೂ ತೊಳೆದುಹೋಗುತ್ತದೆ.

ಜರ್ಮನಿಯ ಲೂಗರ್ ಪಿಸ್ತೂಲನ್ನೇ ನೋಡೋಣ. 1908ರಲ್ಲಿ ಆ ದೇಶದ ಭೂಸೇನೆ ಅಂಗೀಕರಿಸಿದ ಈ ಆಯುಧವು ಎರಡು ಮಹಾಯುದ್ಧಗಳನ್ನೂ ಕಂಡಿತು. ಲಕ್ಷಗಟ್ಟಲೆ ತಯಾರಾದುದರಿಂದ ಇದು ತೀರ ಅಪರೂಪದ ವಸ್ತುವಲ್ಲ. ಆದರೂ ಒಂದಕ್ಕೂ ಇನ್ನೊಂದಕ್ಕೂ ಬೆಲೆಯಲ್ಲಿ ಅಜಗಜಾಂತರ. ಚರ್ಮದ ಒರೆಗೆ ತಿಕ್ಕಿ ನಳಿಗೆಯ ತುದಿಯಲ್ಲಿ ನೀಲಿಲೇಪ ಮಾಸಿರುವುದು, ಅಂಗೈ ತಗುಲಿ ಮರದ ಹಿಡಿಯ ಗೆರೆಗಳು ನುಣುಪಾಗಿರುವುದು—ಇವು ಸಹಜವಾದ ಸವೆತ. ಸಂಗ್ರಾಹಕರು ಇದನ್ನು ಮನ್ನಿಸುತ್ತಾರೆ. ತುಕ್ಕು ತಿಂದ ಕುಳಿಗಳು ಬೆಲೆ ತಗ್ಗಿಸುತ್ತವೆ. ಉಜ್ಜಿ ಹೊಸದಾಗಿ ಲೇಪಿಸಿದ ಪಿಸ್ತೂಲಿನ ಗತಿಯೂ ಅದೇ; ಏಕೆಂದರೆ ಉಜ್ಜುವಾಗ ಅಂಚುಗಳು ಮೊಂಡಾಗಿ, ಪರೀಕ್ಷಾಮುದ್ರೆಗಳು ಅಳಿಸಿಹೋಗುತ್ತವೆ. ಸಣ್ಣ ಬಿಡಿಭಾಗಗಳ ಮೇಲೂ ಪಿಸ್ತೂಲಿನ ಸಂಖ್ಯೆಯ ಕೊನೆಯ ಎರಡು ಅಂಕಿಗಳಿರುತ್ತವೆ. ಅವು ತಾಳೆಯಾಗದಿದ್ದರೆ ಬೆಲೆ ಇನ್ನೂ ಕುಸಿಯುತ್ತದೆ.

ಇನ್ನು ಕಥೆಯ ಮಾತು. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿನಿಂದ ವಶವಾದ ಪಿಸ್ತೂಲನ್ನು ಊರಿಗೆ ಒಯ್ಯಲು ಅಮೆರಿಕದ ಸೈನಿಕರಿಗೆ ಮೇಲಧಿಕಾರಿಯ ಸಹಿಯುಳ್ಳ ಪತ್ರ ದೊರೆಯುತ್ತಿತ್ತು. ಪಿಸ್ತೂಲಿನ ಸಂಖ್ಯೆಯನ್ನು ಹೊತ್ತ ಆ ಒಂದು ಹಾಳೆ ಉಳಿದುಬಂದಿದ್ದರೆ ಬೆಲೆ ಏರುತ್ತದೆ. “ಅಜ್ಜ ದೊಡ್ಡ ಸೇನಾಪತಿಯಿಂದ ಕಸಿದದ್ದು” ಎಂಬ ಬರಿಯ ಬಾಯಿಮಾತಿಗೆ ಯಾರೂ ಹಣ ಕೊಡುವುದಿಲ್ಲ.

ಪ್ರಮಾಣವಿರುವ ಕಥೆಯ ಬಲ ಎಷ್ಟೆಂಬುದಕ್ಕೆ ನೆಪೋಲಿಯನ್ನನ ಜೋಡಿ ಪಿಸ್ತೂಲುಗಳೇ ನಿದರ್ಶನ. 1814ರಲ್ಲಿ ಪರಾಜಿತನಾದ ಚಕ್ರವರ್ತಿಯು ಅವುಗಳಿಂದ ಪ್ರಾಣ ಕಳೆದುಕೊಳ್ಳಲು ಎಣಿಸಿದ್ದ. ಆಪ್ತನಾದ ಕೋಲೆನ್‌ಕೂರ್ ಅವುಗಳೊಳಗಿನ ಮದ್ದನ್ನು ತೆಗೆದಿರಿಸಿದ್ದ. ವಿಷ ಕುಡಿದೂ ಬದುಕುಳಿದ ನೆಪೋಲಿಯನ್ ಅವನ್ನು ಆತನಿಗೇ ಕೊಟ್ಟುಬಿಟ್ಟ. ಆತನ ವಂಶಜರಲ್ಲಿ ಉಳಿದುಬಂದ ಆ ಜೋಡಿ 2024ರಲ್ಲಿ ಫ್ರಾನ್ಸಿನ ಹರಾಜಿನಲ್ಲಿ ಸುಮಾರು 17 ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಚಿನ್ನ ಬೆಳ್ಳಿಯ ಕುಸುರಿಯಷ್ಟೇ ಆ ಬೆಲೆ ತರಲಾರದು.

ನಮ್ಮ ಮನೆಗಳಲ್ಲಿ ಪಿಸ್ತೂಲುಗಳು ಇರಲಾರವು. ಆದರೆ ಮೊದಲನೆಯ ಮಹಾಯುದ್ಧಕ್ಕೆ ಹೋಗಿದ್ದ ಹಿರಿಯರ ಪದಕವೊಂದು ಪೆಟ್ಟಿಗೆಯ ತಳದಲ್ಲಿ ಇದ್ದೀತು. ಅದರ ಅಂಚಿನಲ್ಲಿ ಸೈನಿಕನ ಹೆಸರೂ ಸಂಖ್ಯೆಯೂ ಇರುವುದುಂಟು; ಉಜ್ಜಿದಷ್ಟೂ ಅವು ಸವೆಯುತ್ತವೆ. ಆದುದರಿಂದ ಬೆಳಗದಿರಿ. ಬದಲಿಗೆ, ಬಲ್ಲ ಹಿರಿಯರು ಇರುವಾಗಲೇ ಅದು ಯಾರದು, ಎಲ್ಲಿಂದ ಬಂದಿತು ಎಂಬುದನ್ನು ಕೇಳಿ ಬರೆದು, ಹಳೆಯ ಕಾಗದಗಳೊಡನೆ ಅದೇ ಪೆಟ್ಟಿಗೆಯಲ್ಲಿಡಿ.