ಘಟ್ಟವನ್ನು ಹಿಂದಕ್ಕೆ ಕೊರೆಯುವ ನದಿಗಳು

ನದಿಯೊಂದು ತನ್ನ ಪಾತ್ರವನ್ನು ಅಗಲಗೊಳಿಸುವುದಕ್ಕಿಂತ ಹೆಚ್ಚು ವೇಗವಾಗಿ ಆಳಗೊಳಿಸುತ್ತಾ ಹೋದಾಗ, ಎರಡೂ ಬದಿಯಲ್ಲಿ ಕಡಿದಾದ ಬಂಡೆಗೋಡೆಗಳಿರುವ ಇಕ್ಕಟ್ಟಾದ ಕಣಿವೆ ಉಂಟಾಗುತ್ತದೆ; ಇದನ್ನೇ ಕಮರಿ ಎನ್ನುತ್ತಾರೆ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಇಂಥ ಕಮರಿಗಳ ತಳದಲ್ಲಿ ಕಾಲ್ನಡಿಗೆಯಲ್ಲಿ ಸಾಗುವುದು ಹತ್ತೊಂಬತ್ತನೆಯ ಶತಮಾನದಲ್ಲೇ ಪ್ರವಾಸದ ಒಂದು ಬಗೆಯಾಗಿ ಬೆಳೆದು, ಈಗ ಕ್ಯಾನಿಯನಿಂಗ್ ಎಂಬ ಸಾಹಸಕ್ರೀಡೆಯೂ ಆಗಿದೆ. ಉಡುಪಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಹೆಬ್ರಿ, ಸೋಮೇಶ್ವರಗಳಿಂದ ಆಗುಂಬೆಗೆ ಏರುವ ಘಟ್ಟದ ಎಡಬಲದಲ್ಲಿ ಇರುವ ಕಮರಿಗಳು ನೋಟಕ್ಕೆ ಆಲ್ಪ್ಸ್‌ನವನ್ನು ಹೋಲಬಹುದಾದರೂ ಹುಟ್ಟಿನಲ್ಲಿ, ವಯಸ್ಸಿನಲ್ಲಿ ಮತ್ತು ಅಪಾಯದಲ್ಲಿ ಅವುಗಳಿಗಿಂತ ತೀರ ಬೇರೆಯಾಗಿವೆ.

ಆಲ್ಪ್ಸ್‌ನ ಕಮರಿಗಳ ಹಿಂದೆ ಹಿಮನದಿಗಳ ಕೈವಾಡವಿದೆ. ಹಿಮನದಿ ಎಂದರೆ ತನ್ನದೇ ಭಾರಕ್ಕೆ ಇಳಿಜಾರಿನಲ್ಲಿ ನಿಧಾನವಾಗಿ ಜರುಗುವ ಮಂಜುಗಡ್ಡೆಯ ದಪ್ಪ ಹಾಸು. ಅದು ಮುಖ್ಯ ಕಣಿವೆಯನ್ನು ಆಳವಾಗಿ ಕೆರೆದು ಹೋದ ಮೇಲೆ ಪಕ್ಕದ ಸಣ್ಣ ಕಣಿವೆಗಳು ಎತ್ತರದಲ್ಲೇ ತೂಗಿಬಿದ್ದಂತೆ ಉಳಿಯುತ್ತವೆ, ಹಿಮ ಕರಗಿದ ನೀರು ಆ ಎತ್ತರದ ವ್ಯತ್ಯಾಸವನ್ನು ಸರಿದೂಗಿಸಲು ಬಂಡೆಯನ್ನು ಸೀಳುತ್ತದೆ. ಸ್ವಿಟ್ಜರ್ಲೆಂಡಿನ ಮೈರಿಂಗೆನ್ ಊರಿನ ಬಳಿ ಆರೆ ನದಿ ಸುಣ್ಣಕಲ್ಲಿನಲ್ಲಿ ಕೊರೆದಿರುವ, ಸುಮಾರು 1.4 ಕಿಲೋಮೀಟರ್ ಉದ್ದದ ಕಮರಿ ಇದಕ್ಕೆ ಹೆಸರಾಂತ ನಿದರ್ಶನವಾಗಿದ್ದು, ಭೂಮಿಯ ಆಯುಷ್ಯದ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆಯದು. ಆಗುಂಬೆಯ ಕಮರಿಗಳಿಗೆ ಹಿಮದ ಇಂಥ ನೆರವು ಸಿಕ್ಕಿಲ್ಲ. ಅವು ಒಡೆದುಹೋದ ಒಂದು ಭೂಖಂಡದ ಅಂಚಿನ ಮೇಲೆ ಮಳೆ ನಡೆಸಿದ ಕೆಲಸ.

ಆ ಒಡಕಿನ ಸಾಕ್ಷ್ಯ ಘಟ್ಟದಲ್ಲಲ್ಲ, ಸಮುದ್ರದಲ್ಲಿದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಲ್ಲಿ, ಲಾವಾರಸ ತಣಿಯುವಾಗ ಕುಗ್ಗಿ ಬಿರುಕುಬಿಟ್ಟು ಉಂಟಾದ ಬಹುಮುಖದ ಕಲ್ಲಿನ ಕಂಬಗಳು ನಿಂತಿವೆ. ಅವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲವೂ ಅದೇ ಆಗಿರುವುದರಿಂದ ಮತ್ತು ಅಲ್ಲಿಯೂ ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಸಿಗುವುದರಿಂದ, ಈ ದ್ವೀಪಗಳನ್ನು ಆ ಬೇರ್ಪಡೆಯ ಕುರುಹೆಂದು ಭೂವಿಜ್ಞಾನಿಗಳು ಎಣಿಸುತ್ತಾರೆ. ಭೂಖಂಡ ಸೀಳಿದಾಗ ಸೀಳಿನ ಅಂಚು ಎತ್ತರದಲ್ಲಿ ಉಳಿದು, ಅದರ ಕೆಳಗೆ ಹೊಸ ಸಮುದ್ರ ತೆರೆದುಕೊಂಡಿತು; ಎತ್ತರದ ಆ ಅಂಚೇ ಸವೆಯುತ್ತಾ ಸವೆಯುತ್ತಾ ಇಂದಿನ ಪಶ್ಚಿಮಘಟ್ಟದ ಕಡಿದಾದ ಗೋಡೆಯಾಗಿದೆ.

ಹಾಗಾಗಿ ಕಾಪುವಿನ ಕಡಲತೀರದಿಂದ ಮೂಡಣಕ್ಕೆ ಹೊರಟವನು ದಾಟುವ ನೆಲವೆಲ್ಲ ಘಟ್ಟ ಸವೆದು ಹಿಂದಕ್ಕೆ ಸರಿದಾಗ ತೆರವಾದ ಜಾಗ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ನಿಂತಿರುವ ಬಂಡೆಯಾಗಲಿ, 1432ರಲ್ಲಿ ವೀರಪಾಂಡ್ಯ ಭೈರರಸ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳದ ಬೋಳು ಬೆಟ್ಟವಾಗಲಿ, ಸುತ್ತಲಿನ ಮೆತ್ತನೆಯ ಭಾಗ ಕೊಚ್ಚಿಹೋದ ಮೇಲೂ ಕರಗದೆ ಉಳಿದ ಗಟ್ಟಿ ಶಿಲೆಗಳು. ಇವುಗಳ ನಡುವೆ ಮಣಿಪಾಲದಂಥ ಮುರಕಲ್ಲಿನ ದಿಬ್ಬಗಳಿವೆ. ಬಿಸಿಲು ಮತ್ತು ಮಳೆ ಒಂದರ ಹಿಂದೆ ಒಂದು ಬರುವ ಹವೆಯಲ್ಲಿ ಶಿಲೆಯೊಳಗಿನ ಸಿಲಿಕಾ, ಸುಣ್ಣದಂಥ ಅಂಶಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಗಟ್ಟಿಗಟ್ಟಿ ಉಳಿದ ಕೆಂಪು ಪದರವೇ ಮುರಕಲ್ಲು. ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ನಿಂತು ಕೆಳಗೆ ಸ್ವರ್ಣಾ ನದಿಯ ಕಣಿವೆಯನ್ನು ನೋಡಿದರೆ, ಒಂದು ಕಾಲದಲ್ಲಿ ಅಖಂಡವಾಗಿ ಹರಡಿದ್ದ ಈ ಕೆಂಪು ಮೈಯನ್ನು ನದಿಗಳು ತುಂಡುತುಂಡಾಗಿ ಕತ್ತರಿಸಿರುವ ಬಗೆ ಸ್ಪಷ್ಟವಾಗಿ ತಿಳಿಯುತ್ತದೆ.

ಘಟ್ಟ ಎಷ್ಟು ಬೇಗ ಹಿಂದಕ್ಕೆ ಸರಿಯಿತು ಎಂಬ ಬಗ್ಗೆ ಮಾತ್ರ ಒಮ್ಮತವಿಲ್ಲ. ಕರ್ನಾಟಕದ ಹಿರಿಯ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರು 1993ರಲ್ಲಿ, ಪರ್ಯಾಯ ದ್ವೀಪದ ನೆಲ ಇತ್ತೀಚಿನ ಎರಡು ಕೋಟಿ ಚಿಲ್ಲರೆ ವರ್ಷಗಳಲ್ಲಿ ಮತ್ತೆ ಮೇಲೆದ್ದಿದೆ, ನದಿಗಳ ಈಗಿನ ಚುರುಕಿಗೆ ಅದೇ ಕಾರಣ ಎಂದು ವಾದಿಸಿದ್ದರು. ಆಮೇಲೆ ಗೋವಾ ಭಾಗದ ಮುರಕಲ್ಲಿನಲ್ಲಿ ಸಿಗುವ ಮ್ಯಾಂಗನೀಸ್ ಖನಿಜಗಳ ವಯಸ್ಸನ್ನು ಆರ್ಗಾನ್ ಅನಿಲದ ಪ್ರಮಾಣದಿಂದ ಲೆಕ್ಕಹಾಕಿದಾಗ, ಕರಾವಳಿಯ ತಗ್ಗುನೆಲ ಸುಮಾರು 4.7 ಕೋಟಿ ವರ್ಷಗಳ ಹಿಂದೆಯೇ ಇದ್ದಿತ್ತು, ಎಂದರೆ ಆ ಹೊತ್ತಿಗಾಗಲೇ ಘಟ್ಟ ಬಹುಮಟ್ಟಿಗೆ ಈಗಿನ ಜಾಗಕ್ಕೆ ಬಂದಿತ್ತು ಎಂಬ ತೀರ್ಮಾನಕ್ಕೆ ಸಂಶೋಧಕರು ಬಂದರು. ಎರಡೂ ಮಾತುಗಳಲ್ಲಿ ಒಂದನ್ನು ಪೂರ್ತಿ ಬಿಟ್ಟುಬಿಡಬೇಕಾಗಿಲ್ಲ. ಇಡೀ ಗೋಡೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದರೂ ಅದರ ಮೈಯಲ್ಲಿ ಅಲ್ಲಲ್ಲಿ ನದಿಗಳು ಕೊರೆದ ಬಿರುಕುಗಳು ಒಳಕ್ಕೆ ಚಾಚಿಕೊಳ್ಳುತ್ತಲೇ ಇರಬಹುದು. ಕಮರಿ ಎಂದರೆ ಅಂಥ ಬಿರುಕು.

ಸೀತಾನದಿಯಲ್ಲಿ ಇದನ್ನು ಕಾಲ್ನಡಿಗೆಯಲ್ಲೇ ಓದಬಹುದು. ಆಗುಂಬೆಯ ಆಸುಪಾಸಿನಲ್ಲಿ ಬಿದ್ದ ಮಳೆನೀರು ಮೂಡಣಕ್ಕೆ ಮಾಲತಿ ನದಿಯ ಮೂಲಕ ತುಂಗೆಗೆ ಸೇರಿದರೆ, ತುಂಗಭದ್ರೆ, ಕೃಷ್ಣೆಗಳ ಜೊತೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಬಂಗಾಳ ಕೊಲ್ಲಿಯನ್ನು ಮುಟ್ಟಬೇಕು. ಅದೇ ನೀರು ಪಡುವಣಕ್ಕೆ ವಾಲಿದರೆ ಸೀತಾನದಿಯಾಗಿ ಅರ್ಧ ಕಿಲೋಮೀಟರಿಗೂ ಮಿಕ್ಕ ಎತ್ತರದಿಂದ ಧುಮುಕಿ, ಸ್ವರ್ಣೆಯೊಡನೆ ಕೂಡಿ, ಕೋಡಿಬೆಂಗ್ರೆಯ ಅಳಿವೆಯಲ್ಲಿ ಅರಬ್ಬೀ ಸಮುದ್ರವನ್ನು ಸೇರಲು ನಕ್ಷೆಯಲ್ಲಿ ಐವತ್ತು ಕಿಲೋಮೀಟರಿನಷ್ಟೂ ದೂರವಿಲ್ಲ. ಇಷ್ಟು ಗಿಡ್ಡ ದಾರಿಯಲ್ಲಿ ಇಷ್ಟು ಎತ್ತರವನ್ನು ಕಳೆದುಕೊಳ್ಳುವ ನದಿಗೆ ಕೊರೆಯುವ ಶಕ್ತಿ ಸಹಜವಾಗಿಯೇ ಹೆಚ್ಚು, ಅದರ ಮೇಲೆ ಆಗುಂಬೆಯ ವಾರ್ಷಿಕ ಮಳೆ ಸರಾಸರಿ 7,000 ಮಿಲಿಮೀಟರಿಗೂ ಅಧಿಕ.

ಈ ಶಕ್ತಿಯೆಲ್ಲ ನದಿಯುದ್ದಕ್ಕೂ ಸಮನಾಗಿ ಹಂಚಿಹೋಗದೆ ಕೆಲವೇ ಕಡೆ ಒಟ್ಟಾಗುತ್ತದೆ. ನದಿಯ ಇಳಿಜಾರು ಹಠಾತ್ತನೆ ಕಡಿದಾಗುವ ಇಂಥ ಜಾಗವನ್ನು ಮುರಿಬಿಂದು ಎನ್ನಬಹುದು; ಸುಮಾರು 260 ಮೀಟರ್ ಎತ್ತರದ ಬರ್ಕಣ ಜಲಪಾತವೂ, ಅದೇ ನದಿಯ ಕೂಡ್ಲು ತೀರ್ಥವೂ ಮುರಿಬಿಂದುಗಳೇ. ಬಿದ್ದ ನೀರು ಬುಡದಲ್ಲಿ ಮಡುವನ್ನು ತೋಡುತ್ತದೆ, ಹಿಂದಿನ ಗೋಡೆಯ ಕಾಲನ್ನು ಒದ್ದೆಯಾಗಿಟ್ಟು ಸಡಿಲಿಸುತ್ತದೆ, ಆಧಾರ ತಪ್ಪಿದ ಮೇಲಿನ ಬಂಡೆ ಸೀಳಿನುದ್ದಕ್ಕೂ ಕಳಚಿ ಬೀಳುತ್ತದೆ, ಹೀಗೆ ಅಬ್ಬಿ ಒಂದೊಂದೇ ಹೆಜ್ಜೆ ನದಿಯ ಮೂಲದ ಕಡೆಗೆ ಹಿಂದೆ ಸರಿಯುತ್ತಾ ತನ್ನ ಮುಂದೆ ಕಮರಿಯನ್ನು ಬಿಟ್ಟುಹೋಗುತ್ತದೆ. ಆದ್ದರಿಂದ ಹೊಳೆಯ ಪಾತ್ರದಲ್ಲಿ ಬಂಡೆಯಿಂದ ಬಂಡೆಗೆ ಹತ್ತುತ್ತಾ ಅಬ್ಬಿಯ ಬುಡ ತಲುಪುವ ನಡಿಗೆ, ಅಬ್ಬಿ ಹಿಂದೆ ಹಿಂದೆ ಇದ್ದ ಜಾಗಗಳನ್ನು ಕಾಲಕ್ರಮದಲ್ಲಿ ದಾಟುವ ನಡಿಗೆಯೂ ಹೌದು. ದಾರಿಯಲ್ಲಿ ಅಡ್ಡ ಸಿಗುವ ಮನೆಗಾತ್ರದ ಬಂಡೆಗಳು ಒಂದಾನೊಂದು ಕಾಲದ ಅಬ್ಬಿಯ ನೆತ್ತಿಯಾಗಿದ್ದಿರಬಹುದು. ಕಮರಿಗಳು ಇದ್ದಕ್ಕಿದ್ದಂತೆ ಮೊಣಕೈಯಂತೆ ತಿರುಗುವುದಕ್ಕೂ ಕಾರಣ ಈ ಸೀಳುಗಳೇ, ಏಕೆಂದರೆ ನೀರು ಗಟ್ಟಿ ಶಿಲೆಯನ್ನು ಬಿಟ್ಟು ಅದರೊಳಗಿನ ಹಳೆಯ ಬಿರುಕಿನ ಜಾಡನ್ನೇ ಹಿಡಿಯುತ್ತದೆ.

ಹೊಳೆಯ ಪಾದೆಕಲ್ಲಿನಲ್ಲಿ ಕಾಣುವ ದುಂಡನೆಯ ಗುಂಡಿಗಳು ಇದೇ ಕೆಲಸದ ಸಣ್ಣ ರೂಪ. ಪ್ರವಾಹದ ಸುಳಿಗೆ ಸಿಕ್ಕ ಕಲ್ಲು ತಗ್ಗಿನಲ್ಲಿ ಕೂತು, ಒರಳಿನಲ್ಲಿ ಗುಂಡುಕಲ್ಲು ತಿರುಗುವಂತೆ ಮಳೆಗಾಲವಿಡೀ ತಿರುಗಿ, ಬಂಡೆಯನ್ನು ಅರೆಯುತ್ತಾ ತಾನೂ ಅರೆದುಹೋಗುತ್ತದೆ. ಅಕ್ಕಪಕ್ಕದ ಎರಡು ಗುಂಡಿಗಳ ನಡುವಿನ ಗೋಡೆ ಒಡೆದಾಗ ಅವು ಕಾಲುವೆಯಾಗಿ ಕೂಡಿಕೊಳ್ಳುತ್ತವೆ, ಕಾಲುವೆಗಳು ಕೂಡಿ ಹೊಳೆಯ ತಳವೇ ಕೆಳಗಿಳಿಯುತ್ತದೆ. ಈ ಗುಂಡಿಗಳು ನಡೆಯುವವನಿಗೆ ಒಳ್ಳೆಯವಲ್ಲ. ಮೇಲಿನಿಂದ ಮಂಡಿಮಟ್ಟದ ನೀರೆಂದು ಕಾಣುವ ಜಾಗದಲ್ಲಿ ಆಳಾಳುದ್ದದ ತೂತು ಇರುತ್ತದೆ. ಹೆಬ್ರಿ ಸಮೀಪದ ಜೋಮ್ಲು ತೀರ್ಥದಂಥ, ಎತ್ತರದಲ್ಲಿ ಏನೂ ಅಲ್ಲದ ಸಣ್ಣ ಅಬ್ಬಿಗಳಲ್ಲಿ ಈಜಲು ಇಳಿಯುವುದು ಈ ಕಾರಣಕ್ಕಾಗಿಯೇ ಅಪಾಯಕರ. ಅಬ್ಬಿಯ ಬುಡದ ಬಿಳಿ ನೊರೆಯಲ್ಲಿ ಅರ್ಧದಷ್ಟು ಗಾಳಿಯೇ ಇರಬಹುದಾದ್ದರಿಂದ ಅದರ ಸಾಂದ್ರತೆ ಕಡಿಮೆ, ಸಾಂದ್ರತೆ ಕಡಿಮೆಯಾದಷ್ಟೂ ಅದು ದೇಹವನ್ನು ತೇಲಿಸುವ ಬಲವೂ ಕಡಿಮೆ. ಅಲ್ಲಿ ನಿಪುಣ ಈಜುಗಾರನೂ ಮುಳುಗುತ್ತಾನೆ.

ಪ್ರವಾಹದ ಬಲವನ್ನು ಜನ ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತಾರೆ, ಏಕೆಂದರೆ ಅದು ವೇಗಕ್ಕೆ ತಕ್ಕಷ್ಟೇ ಏರುವುದಿಲ್ಲ. ನಿಂತವನ ಕಾಲಿನ ಮೇಲೆ ನೀರು ಹಾಕುವ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಎಂದರೆ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ನೀರು ಉರುಳಿಸಬಲ್ಲ ಕಲ್ಲಿನ ತೂಕವಾದರೋ ಆದರ್ಶ ಲೆಕ್ಕದಲ್ಲಿ ವೇಗದ ಆರನೆಯ ಘಾತಕ್ಕೆ ತಕ್ಕಂತೆ ಏರುತ್ತದೆ: ಸೆಕೆಂಡಿಗೆ ಒಂದು ಮೀಟರ್ ಓಡುವ ನೀರು ಒಂದು ಕಿಲೋ ತೂಕದ ಕಲ್ಲನ್ನು ಕದಲಿಸುವುದಾದರೆ, ಮೂರು ಮೀಟರ್ ಓಡುವ ನೀರು ಏಳುನೂರು ಕಿಲೋಗೂ ಮಿಕ್ಕ ಬಂಡೆಯನ್ನು ಕದಲಿಸೀತು. ಬೇಸಗೆಯಲ್ಲಿ ಪಾದ ನೆನೆಯುವಷ್ಟೇ ನೀರಿರುವ ಸೀತಾನದಿಯ ಪಾತ್ರದಲ್ಲಿ ಅಷ್ಟು ದೊಡ್ಡ ಬಂಡೆಗಳು ಹೇಗೆ ಬಂದವು ಎಂಬ ಪ್ರಶ್ನೆಗೆ ಈ ಲೆಕ್ಕದಲ್ಲಿ ಉತ್ತರವಿದೆ, ಮತ್ತು ಕಮರಿಗಳು ಕೊರೆಯಲ್ಪಡುವುದು ವರ್ಷದ ಎಲ್ಲ ದಿನಗಳಲ್ಲಲ್ಲ, ಆಷಾಢ ಶ್ರಾವಣಗಳ ಕೆಲವೇ ದಿನಗಳಲ್ಲಿ ಎಂಬುದೂ ಇದರಿಂದ ಹೊರಡುತ್ತದೆ.

ಕಮರಿಯ ತಳದಲ್ಲಿರುವವನಿಗೆ ಆಕಾಶದ ಒಂದು ಪಟ್ಟಿಯಷ್ಟೇ ಕಾಣುವುದರಿಂದ ಮೇಲೆ ಎಲ್ಲೋ ಸುರಿದ ಮಳೆಯ ಸುಳಿವು ಅವನಿಗೆ ಸಿಗುವುದಿಲ್ಲ. 1999ರ ಜುಲೈ 27ರಂದು ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್ ಬಳಿಯ ಸಾಕ್ಸೆಟ್‌ಬಾಖ್ ಕಮರಿಯಲ್ಲಿ, ಮೇಲಿನ ಕಣಿವೆಯಲ್ಲಿ ಬಿದ್ದ ಗುಡುಗುಮಳೆಯ ನೀರು ಒಮ್ಮೆಲೇ ನುಗ್ಗಿ 21 ಮಂದಿಯನ್ನು ಬಲಿ ತೆಗೆದುಕೊಂಡಿತು. ಆಲ್ಪ್ಸ್‌ನಲ್ಲಿ ಅಪವಾದವೆನಿಸುವ ಇಂಥ ಮಳೆ ಆಗುಂಬೆಯಲ್ಲಿ ನಾಲ್ಕು ತಿಂಗಳ ನಿತ್ಯದ ಸಂಗತಿ. ಹೆಬ್ರಿಯಲ್ಲಿ ಬಿಸಿಲು ಕಾದಿರುವಾಗಲೇ ಘಟ್ಟದ ಮೇಲೆ ಸುರಿಯುತ್ತಿರುವುದು ಅಲ್ಲಿನವರಿಗೆ ಹೊಸದಲ್ಲ. ಸೋಮೇಶ್ವರ ವನ್ಯಜೀವಿಧಾಮದ ಒಳಗಿರುವ ಹೊಳೆಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕೆಂಬ, ಮಳೆಗಾಲದಲ್ಲಿ ಅಬ್ಬಿಗಳಿಗೆ ಹೋಗಬಾರದೆಂಬ ನಿರ್ಬಂಧಗಳ ಬಗ್ಗೆ ಗೊಣಗುವ ಚಾರಣಿಗರು ಈ ಒಂದು ವ್ಯತ್ಯಾಸವನ್ನು ಗಮನಿಸಿದರೆ ಸಾಕು. ಮಳೆ ನಿಂತ ಮೇಲಿನ ಡಿಸೆಂಬರ್, ಜನವರಿ ಬಂಡೆಗಳನ್ನು ಓದಲು ತಕ್ಕ ಕಾಲ. ಆಗ ಉಂಬಳಗಳ ಕಾಟವೂ ತಗ್ಗಿರುತ್ತದೆ.

ನೀರು ಇಳಿದಾಗಲೇ ಹೂಬಿಡುವ ಗಿಡಗಳೂ ಇಲ್ಲಿವೆ. ಪೊಡೊಸ್ಟೆಮೇಸಿ ಎಂಬ ಕುಟುಂಬದ ಈ ಪುಟ್ಟ ಸಸ್ಯಗಳು ಹಾವಸೆಯಂತೆ ಬಂಡೆಗೆ ಅಂಟಿಕೊಂಡು ಮಳೆಗಾಲವಿಡೀ ಪ್ರವಾಹದ ಅಡಿಯಲ್ಲಿ ಬೆಳೆದು, ಬಂಡೆ ತಲೆ ಎತ್ತುತ್ತಲೇ ಅವಸರದಲ್ಲಿ ಹೂಬಿಟ್ಟು ಬೀಜ ಚೆಲ್ಲಿ ಒಣಗುತ್ತವೆ. ಮೈಕ್ರಿಕ್ಸಾಲಸ್ ಕುಲದ ಕುಣಿಯುವ ಕಪ್ಪೆಗಳದು ಇನ್ನೂ ಸ್ವಾರಸ್ಯಕರವಾದ ಹೊಂದಾಣಿಕೆ: ಹೊಳೆಯ ಭೋರ್ಗರೆತದಲ್ಲಿ ಕೂಗು ಕೇಳಿಸದಾದ್ದರಿಂದ ಗಂಡು ಕಪ್ಪೆ ಹಿಂಗಾಲನ್ನು ಚಾಚಿ, ಬೆರಳುಗಳ ನಡುವಿನ ಬಿಳಿಪೊರೆಯನ್ನು ಬಿಡಿಸಿ ಬೀಸುತ್ತದೆ. ಪಶ್ಚಿಮಘಟ್ಟಕ್ಕಷ್ಟೇ ಸೀಮಿತವಾದ ಈ ಕುಲದ 14 ಹೊಸ ಪ್ರಭೇದಗಳನ್ನು ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಮತ್ತು ಸಂಗಡಿಗರು 2014ರಲ್ಲಿ ವಿವರಿಸಿದರು.

ಸೀತಾನದಿಯ ಉತ್ತರಕ್ಕೆ ಹರಿಯುವ ವಾರಾಹಿಯ ಕಥೆ ಬೇರೆ. ಅದರ ಕುಂಚಿಕಲ್ ಜಲಪಾತ ಮೆಟ್ಟಿಲುಮೆಟ್ಟಿಲಾಗಿ ಒಟ್ಟು 455 ಮೀಟರ್ ಇಳಿಯುತ್ತದೆ ಎಂದು ದಾಖಲಾಗಿದೆ; ಆದರೆ ಮೇಲ್ಗಡೆ ಮಾಣಿ ಅಣೆಕಟ್ಟು ಬಂದ ಮೇಲೆ ನೀರಿನ ಬಹುಪಾಲು ಸುರಂಗದ ಹಾದಿ ಹಿಡಿದು, ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ 460 ಮೆಗಾವಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸುತ್ತದೆ. ಕಮರಿಯನ್ನು ಕೊರೆಯುತ್ತಿದ್ದ ಎತ್ತರವೇ ಈಗ ವಿದ್ಯುತ್ತಾಗುತ್ತಿದೆ. ನೀರಿನ ಜೊತೆಗೆ ಬಂಡೆಯನ್ನು ಅರೆಯುವ ಮರಳು ಮತ್ತು ಕಲ್ಲುಗಳೂ ಅಣೆಕಟ್ಟಿನ ಹಿಂದೆ ತಂಗುವುದರಿಂದ, ಅಣೆಕಟ್ಟಿಗೂ ಹೊಸಂಗಡಿಗೂ ನಡುವಿನ ಪಾತ್ರದಲ್ಲಿ ಸವೆತಕ್ಕೆ ಬೇಕಾದ ಎರಡು ಸಾಧನಗಳೂ ಒಟ್ಟಿಗೇ ಕಡಿಮೆಯಾಗಿವೆ. ಪಕ್ಕದ ತೋಡುಗಳಿಂದ ಇಳಿಯುವ ಮಳೆನೀರು ಮತ್ತು ಆಗೊಮ್ಮೆ ಈಗೊಮ್ಮೆ ತುಂಬಿದ ಜಲಾಶಯದಿಂದ ಬಿಡುವ ನೀರು ಅಲ್ಲಿ ಮಾಡುವಷ್ಟೇ ಕೆಲಸ ಉಳಿದಿದೆ.